ಕಡಿಮೆ ಬಜೆಟ್ ಗೇಮಿಂಗ್ ಪಿಸಿ: ರೈಜನ್ 5600 ಪ್ರೊಸೆಸರ್ ಬದಲು 5500 ಕೊಟ್ಟರೆ ಒಪ್ಪಬೇಡಿ

ಮೈಸೂರಲ್ಲಿ ಪಿಸಿ ಬಿಲ್ಡ್ ಮಾಡಿಸೋರಿಗೆ: ಅಂಗಡಿಯವರು "ರೈಜನ್ 5 5600 ಸ್ಟಾಕ್ ಇಲ್ಲ, 5500 ತಗೊಳ್ಳಿ, ಎರಡೂ 6 ಕೋರೇ" ಅಂದ್ರೆ ತಲೆಯಾಡಿಸಬೇಡಿ. 5600ರಲ್ಲಿ ಎಲ್‌3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 32 ಎಂಬಿ, 5500ರಲ್ಲಿ ಅದರರ್ಧ. ಮೇಲಾಗಿ 5500 ಪಿಸಿಐಇ (ಗ್ರಾಫಿಕ್ಸ್ ಕಾರ್ಡ್‌ಗೆ ಡೇಟಾ ಸಾಗಿಸೋ ಸಂಪರ್ಕ) ವಿಷಯದಲ್ಲಿ ಹಳೇ 3.0ಗೇ ನಿಲ್ಲುತ್ತೆ. ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಬರೀ 4 ಲೇನ್ (ಡೇಟಾ ದಾರಿ) ಬಳಸೋ ಗ್ರಾಫಿಕ್ಸ್ ಕಾರ್ಡ್ ಹಾಕಿದಾಗ ಫ್ರೇಮ್ ಬೀಳೋದು ಇದಕ್ಕೇ.

ಸದ್ಯಕ್ಕೆ ಕಾರ್ಡ್‌ಗೆ ದುಡ್ಡಿಲ್ಲ ಅನ್ನೋರು ಮಾತ್ರ ಗ್ರಾಫಿಕ್ಸ್ ಒಳಗೇ ಇರೋ 5600ಜಿ ನೋಡಿ, ಅದೂ 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್ ಜೊತೆ. 16 ಜಿಬಿಯ ಒಂದೇ ಸ್ಟಿಕ್ ಹಾಕಿದ್ರೆ ಸಿಂಗಲ್ ಚಾನೆಲ್ (ಮೆಮೊರಿಗೆ ಒಂದೇ ದಾರಿ) ಆಗಿ ಗ್ರಾಫಿಕ್ಸ್ ಕುಂಟುತ್ತೆ.

ಇಂಟೆಲ್‌ನ ಐ3-12100ಎಫ್ ಕೂಡ ಒಳ್ಳೇದೇ, ಆದ್ರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬೇಕೇ ಬೇಕು. ರೈಜನ್‌ಗೆ ಹಳೇ ಬಿ450 ಮದರ್‌ಬೋರ್ಡ್ ಆದ್ರೆ ಬಯೋಸ್ (ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಅಂಗಡಿಯಲ್ಲೇ ಮಾಡಿಸಿ, ಡಿಸ್‌ಪ್ಲೇ ಬಂದದ್ದು ನೋಡಿಯೇ ಊರಿನ ಬಸ್ ಹತ್ತಿ.