ವ್ಯಾನಿನೊಳಗೆ ಗ್ಯಾಸ್ ಹೀಟರ್: ಬೀದರಿನ ಥಂಡಿಗೆ ನಾನು ಕೂಡಿಸಿದ ಬಗೆ

ಎಳ್ಳ ಅಮಾವಾಸ್ಯೆ ಹೊತ್ತಿಗೆ ಬೀದರ್ ಕಡೆ ಬಯಲಲ್ಲಿ ವ್ಯಾನ್ ನಿಲ್ಲಿಸಿ ಮಲಗಿದರೆ, ನಸುಕಿನ ನಾಲ್ಕಕ್ಕೆ ಒಳಗಿನ ತಗಡು ಮುಟ್ಟಲು ಆಗುವುದಿಲ್ಲ. ಊರು ಇರುವುದು ಸಮುದ್ರ ಮಟ್ಟದಿಂದ 650 ಮೀಟರಿಗೂ ಎತ್ತರದ ಬಯಲು ದಿಬ್ಬದ ಮೇಲೆ. ಡಿಸೆಂಬರ್, ಜನವರಿಯ ಕೆಲವು ರಾತ್ರಿ ಪಾದರಸ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಯಾದಗಿರಿ ಕಡೆ ಇಷ್ಟು ಥಂಡಿ ಇರುವುದಿಲ್ಲ, ಅಲ್ಲಿ ಎರಡು ಕಂಬಳಿ ಸಾಕು. ಬೀದರ್, ಔರಾದ್, ಬಸವಕಲ್ಯಾಣದ ಬಯಲಲ್ಲಿ ರಾತ್ರಿ ಕಳೆಯುವವರಿಗೆ ಮತ್ತು ಇದೇ ಗಾಡಿಯಲ್ಲಿ ಉತ್ತರದ ಬೆಟ್ಟಗಳಿಗೆ ಹೋಗುವವರಿಗೆ ಹೀಟರ್ ಬೇಕಾಗುತ್ತದೆ. ಮಾರುತಿ ಈಕೋ ಅಳತೆಯ ಗಾಡಿಗೆ ನಾನು ಅದನ್ನು ಹೇಗೆ ಕೂಡಿಸಿದೆ, ಎಲ್ಲಿ ತಪ್ಪಾಗುತ್ತದೆ ಎಂಬುದನ್ನು ಅಳತೆ ಸಮೇತ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು ಒಂದೇ. ಬೆಂಕಿ ಕುಡಿಯುವ ಗಾಳಿ ಬೇರೆ ಇರಬೇಕು, ನಾವು ಉಸಿರಾಡುವ ಗಾಳಿ ಬೇರೆ ಇರಬೇಕು. ಸಿಲಿಂಡರ್ ತಲೆಯ ಮೇಲೆ ಕೂಡಿಸುವ ಕೆಂಪು ಜಾಲಿಯ ಹೀಟರ್, ಅಡುಗೆ ಒಲೆ, ಇದ್ದಿಲ ಶೇಗಡಿ ಎಲ್ಲವೂ ಗಾಡಿಯೊಳಗಿನ ಗಾಳಿಯನ್ನೇ ಸುಡುತ್ತವೆ, ಹೊಗೆಯನ್ನೂ ಒಳಗೇ ಬಿಡುತ್ತವೆ. ಲೆಕ್ಕ ಹಾಕಿ ನೋಡಿ. ಒಂದೂವರೆ ಕಿಲೋವ್ಯಾಟ್ ಉರಿಗೆ ಗಂಟೆಗೆ ಸುಮಾರು 120 ಗ್ರಾಂ ಗ್ಯಾಸ್ ಬೇಕು. ಅಷ್ಟು ಗ್ಯಾಸ್ ಸುಡಲು 0.3 ಘನ ಮೀಟರಿಗೂ ಹೆಚ್ಚು ಆಮ್ಲಜನಕ ಬೇಕು. 5 ಘನ ಮೀಟರ್ ಒಳಜಾಗದ ಗಾಡಿ ಪೂರ್ತಿ ಮುಚ್ಚಿದ್ದು ಇಬ್ಬರು ಮಲಗಿದ್ದರೆ, ಗಾಳಿಯಲ್ಲಿನ ಆಮ್ಲಜನಕ ಶೇ. 21ರಿಂದ 18ಕ್ಕೆ ಇಳಿಯಲು ಅರ್ಧ ಗಂಟೆ ಸಾಕು. ಆಮ್ಲಜನಕ ಕಡಿಮೆಯಾದಂತೆ ಉರಿ ಅರೆಬರೆಯಾಗುತ್ತದೆ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಹೊಟ್ಟೆ ತೊಳಸುವುದು, ಕೈಕಾಲು ಭಾರ, ಇಷ್ಟೇ ಅದರ ಗುರುತು, ಮಲಗಿದವನಿಗೆ ಅದೂ ತಿಳಿಯುವುದಿಲ್ಲ. "ಕಿಟಕಿ ಒಂದು ಬೆರಳು ಬಿಟ್ಟಿರ್ತೀವಿ" ಅನ್ನುವವರು ಬಹಳ ಮಂದಿ ಇದ್ದಾರೆ. ದಯವಿಟ್ಟು ಅದನ್ನು ನಂಬಿ ಮಲಗಬೇಡಿ. ಇನ್ನೊಂದು ತೊಂದರೆ ನೀರಿನದು. ಒಂದು ಕೆ.ಜಿ. ಗ್ಯಾಸ್ ಉರಿದರೆ ಸುಮಾರು 1.6 ಲೀಟರ್ ನೀರು ಆವಿಯಾಗಿ ಬರುತ್ತದೆ. ಇಂಥ ಹೀಟರನ್ನು ರಾತ್ರಿಯಿಡೀ ಹಚ್ಚಿದರೆ ಬೆಳಗಿನ ಹೊತ್ತಿಗೆ ಒಂದೂವರೆ ಲೀಟರ್ ನೀರು ತಗಡಿಗೂ ಹಾಸಿಗೆಗೂ ಹತ್ತಿರುತ್ತದೆ.

ಅದಕ್ಕೇ ನಾನು ಕೂಡಿಸಿದ್ದು ಮುಚ್ಚಿದ ಉರಿಕೋಣೆಯ ಹೀಟರ್. ಗಾಡಿಯ ತಳದಿಂದ ಒಂದು ಪೈಪ್ ಹೊರಗಿನ ಗಾಳಿ ಎಳೆಯುತ್ತದೆ, ಇನ್ನೊಂದು ಹೊಗೆಯನ್ನು ಹೊರಗೆ ಹಾಕುತ್ತದೆ. ನಡುವಿನ ಲೋಹದ ಕೋಣೆ ಬಿಸಿಯಾಗಿ, 12 ವೋಲ್ಟ್ ಫ್ಯಾನ್ ಅದರ ಮೇಲಿನಿಂದ ಒಳಗಾಳಿಯನ್ನು ಹಾಯಿಸುತ್ತದೆ. ಎರಡು ಗಾಳಿ ಎಲ್ಲಿಯೂ ಕೂಡುವುದಿಲ್ಲ. 2 ಕಿಲೋವ್ಯಾಟ್ ಬಲದ್ದು ಈ ಗಾಡಿಗೆ ಹೆಚ್ಚೇ ಆಗುತ್ತದೆ, ಆದರೆ ಅದಕ್ಕಿಂತ ಚಿಕ್ಕದು ಸಿಗುವುದು ಕಷ್ಟ. ಕೊಳ್ಳುವಾಗ ಹೀಟರಿನ ಹೆಸರುಪಟ್ಟಿ ಓದಿ. ಅದರ ಮೇಲೆ 'ಐ3ಬಿ/ಪಿ(30)' ಎಂದಿದ್ದರೆ ಬ್ಯೂಟೇನ್, ಪ್ರೊಪೇನ್ ಎರಡಕ್ಕೂ, ಅವುಗಳ ಮಿಶ್ರಣಕ್ಕೂ 30 ಮಿಲಿಬಾರ್ ಒತ್ತಡದಲ್ಲಿ ನಡೆಯುತ್ತದೆ ಎಂದರ್ಥ. ನಮ್ಮಲ್ಲಿ ಸಿಗುವ ಎಲ್‌ಪಿಜಿ ಮಿಶ್ರಣವೇ. ನಮ್ಮ ಮನೆಯ ರೆಗ್ಯುಲೇಟರ್ ಕೊಡುವ ಒತ್ತಡವೂ ಸುಮಾರು 30 ಮಿಲಿಬಾರ್. ಬರೀ ಪ್ರೊಪೇನಿಗೆಂದೇ ಮಾಡಿದ ಹೀಟರ್ ತಂದರೆ ಉರಿ ಹಳದಿಯಾಗಿ ಮಸಿ ಹಿಡಿಯುತ್ತದೆ.

ಹಾಗಾದರೆ ಪ್ರೊಪೇನ್ ಯಾಕೆ ಬೇಕು? ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ, ಬ್ಯೂಟೇನ್ ಸೊನ್ನೆಯ ಹತ್ತಿರವೇ ನಿಂತುಬಿಡುತ್ತದೆ. ಬೀದರಿನ ಥಂಡಿಯಲ್ಲಿ ಮಿಶ್ರಣ ಚೆನ್ನಾಗಿಯೇ ನಡೆಯುತ್ತದೆ. ಲಡಾಖಿನಂಥ ಕಡೆ ಮಾತ್ರ ಸಿಲಿಂಡರಿನಲ್ಲಿರುವ ಪ್ರೊಪೇನ್ ಮೊದಲು ಖರ್ಚಾಗಿ, ಬ್ಯೂಟೇನ್ ತಳದಲ್ಲಿ ಉಳಿದು, ಅಲ್ಲಾಡಿಸಿದರೆ ಸಪ್ಪಳ ಬರುತ್ತದೆ, ಒಲೆಗೆ ಗ್ಯಾಸ್ ಬರುವುದಿಲ್ಲ. ಅಲ್ಲಿ ತೆಳು ಗಾಳಿಯಲ್ಲಿ ಉರಿಯೂ ಕೆಡುತ್ತದೆ, ಹೀಟರ್ ಮಾಡಿದವರು ಎತ್ತರಕ್ಕೆಂದು ಹೇಳಿದ ಮಿತಿ ದಾಟಬಾರದು.

ಸಿಲಿಂಡರಿನ ವಿಷಯದಲ್ಲಿ ಮನೆಯ 14.2 ಕೆ.ಜಿ.ಯದನ್ನು ತಂದು ಇಡಬೇಡಿ. ಅದು ಮನೆಯ ಅಡುಗೆಗೆ ಮಾತ್ರ ಕೊಟ್ಟದ್ದು, ಬೇರೆ ಬಳಕೆ ಕಾನೂನಿಗೆ ವಿರುದ್ಧ. ಮಾರುಕಟ್ಟೆ ದರದ 5 ಕೆ.ಜಿ. ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಏಜೆನ್ಸಿಯಲ್ಲೇ ಸಿಗುತ್ತದೆ. ಹಿಡಿಕೆಯ ಪಟ್ಟಿಯ ಒಳಮೈ ನೋಡಿ ತೆಗೆದುಕೊಳ್ಳಿ: 'ಬಿ-27' ಎಂದಿದ್ದರೆ 2027ರ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ಮರುಪರೀಕ್ಷೆ ಆಗಬೇಕು. ಆ ಅವಧಿ ದಾಟಿದ್ದನ್ನು ವಾಪಸ್ ಕೊಡಿ. ಗಾಡಿಯ ರಚನೆ ಬದಲಾಯಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, ಆದ್ದರಿಂದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ, ಆರ್‌ಸಿಯಲ್ಲಿ ನಮೂದಿಸಿ, ವಿಮೆಯವರಿಗೂ ಬರೆದು ತಿಳಿಸಿ.

ಸಿಲಿಂಡರ್ ಪೆಟ್ಟಿಗೆಗೆ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟೆ. ಗ್ಯಾಸ್ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೀರಿನಂತೆ ಕೆಳಗೆ ಇಳಿದು ನೆಲದಲ್ಲಿ ನಿಲ್ಲುತ್ತದೆ, ಶೇ. 2ರಷ್ಟು ಬೆರೆತರೆ ಸಾಕು, ಕಿಡಿಗೆ ಹತ್ತುತ್ತದೆ. ಅದಕ್ಕೆ ಹಿಂದಿನ ಬಾಗಿಲ ಹತ್ತಿರ 35×35 ಸೆಂ.ಮೀ. ತಳದ ತಗಡಿನ ಪೆಟ್ಟಿಗೆ ಮಾಡಿಸಿ, ಎಲ್ಲ ಅಂಚಿಗೂ ಪೂರ್ತಿ ವೆಲ್ಡಿಂಗ್ ಹಾಕಿಸಿದೆ. ಅಲ್ಲಲ್ಲಿ ಚುಕ್ಕೆ ವೆಲ್ಡಿಂಗ್ ಹಾಕಿದರೆ ಸಂದಿನಿಂದ ಗ್ಯಾಸ್ ಒಳಗೆ ಬರುತ್ತದೆ. ಬಾಯಿ ಮೇಲಕ್ಕೆ, ಮುಚ್ಚಳಕ್ಕೆ ರಬ್ಬರ್ ಪಟ್ಟಿ. ತಳದಲ್ಲಿ ಹೊರಗೆ ತೆರೆದ ತೂತು ಬೇಕೇ ಬೇಕು. ಯುರೋಪಿನ ಕ್ಯಾಂಪರ್ ಗಾಡಿಗಳ ನಿಯಮದ ಪ್ರಕಾರ ಅದು ತಳದ ವಿಸ್ತೀರ್ಣದ ಶೇ. 2ರಷ್ಟಿರಬೇಕು, ಏನೇ ಆದರೂ 100 ಚದರ ಸೆಂ.ಮೀ.ಗಿಂತ ಕಡಿಮೆ ಇರಬಾರದು. ನಾನು 8 ಸೆಂ.ಮೀ. ವ್ಯಾಸದ ಎರಡು ತೂತು ಕೊರೆಸಿದೆ, ಎರಡೂ ಸೇರಿ ಅಷ್ಟಾಗುತ್ತದೆ. ಜಾಲಿ ಹಾಕಿದರೆ ಜಾಲಿಯ ತಂತಿ ನುಂಗುವ ಜಾಗವನ್ನು ಕಳೆದು ತೂತು ಇನ್ನೂ ದೊಡ್ಡದು ಮಾಡಬೇಕು. ಕೊರೆಯುವ ಮುನ್ನ ಗಾಡಿಯ ಅಡಿಗೆ ಹೋಗಿ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್, ಸೈಲೆನ್ಸರ್ ಎಲ್ಲಿವೆಯೆಂದು ಸುಣ್ಣದ ಕಡ್ಡಿಯಿಂದ ಗುರುತು ಹಾಕಿ. ತೂತು ಸೈಲೆನ್ಸರಿನ ಮೇಲೆ ಬಂದರೆ ಇಡೀ ಪೆಟ್ಟಿಗೆಯ ಕೆಲಸ ವ್ಯರ್ಥ.

ಸಿಲಿಂಡರ್ ನೆಟ್ಟಗೆ ನಿಲ್ಲಬೇಕು, ಎರಡು ಪಟ್ಟಿ ಬಿಗಿಯಬೇಕು. ಅಡ್ಡ ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ಹೋಗಿ ಉರಿ ಭುಗಿಲೇಳುತ್ತದೆ. ರೆಗ್ಯುಲೇಟರ್ ಆ ಸಿಲಿಂಡರಿನ ವಾಲ್ವಿಗೆ ಕೂಡುವ, 30 ಮಿಲಿಬಾರಿನದೇ ಇರಲಿ. ಹೋಟೆಲ್ ಭಟ್ಟಿಗೆ ಹಾಕುವ, ತಿರುಗಿಸಿ ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರನ್ನು ಅಂಗಡಿಯವರು ತೋರಿಸಿದರೂ ಬೇಡ ಎನ್ನಿ, ಅದರ ಒತ್ತಡಕ್ಕೆ ಹೀಟರಿನ ವಾಲ್ವ್ ಕೆಡುತ್ತದೆ. ಪ್ರತಿ ಸಲ ಸಿಲಿಂಡರ್ ಬದಲಿಸುವಾಗ ವಾಲ್ವಿನೊಳಗಿನ ಕಪ್ಪು ರಬ್ಬರ್ ಉಂಗುರ ಇದೆಯೇ, ಸೀಳಿದೆಯೇ ನೋಡಿ.

ರೆಗ್ಯುಲೇಟರಿನಿಂದ 45 ಸೆಂ.ಮೀ. ಮಾತ್ರ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್, ಅದೂ ಪೆಟ್ಟಿಗೆಯೊಳಗೇ. ಅದರ ಮೇಲೆ ಅಚ್ಚಾದ ವರ್ಷಕ್ಕೆ ಐದು ಕೂಡಿಸಿ, ಅಷ್ಟಕ್ಕೆ ಬದಲಿಸಿ. ಪೆಟ್ಟಿಗೆಯಿಂದ ಹೀಟರಿನವರೆಗೆ 8 ಮಿ.ಮೀ. ತಾಮ್ರದ ಪೈಪ್, ಅರ್ಧ ಮೀಟರಿಗೊಂದು ಕ್ಲಿಪ್, ತಗಡು ದಾಟುವಲ್ಲೆಲ್ಲ ರಬ್ಬರ್ ಬಳೆ. ಜೋಡಣೆಗೆ ಹಿತ್ತಾಳೆಯ ಉಂಗುರ ಒತ್ತುವ ಫಿಟ್ಟಿಂಗ್ ಬಳಸಿದೆ. ಫ್ರಿಜ್ ಮಿಸ್ತ್ರಿಗಳು ಪೈಪಿನ ಬಾಯಿ ಅರಳಿಸಿ ಕೂಡಿಸುತ್ತಾರೆ. ಗೋಡೆಯ ಮೇಲಿನ ಎಸಿಗೆ ಅದು ಸರಿ, ಆದರೆ ನಮ್ಮ ರಸ್ತೆಯಲ್ಲಿ ಅಲುಗುವ ಗಾಡಿಗೆ ಅರಳಿಸಿ ತೆಳ್ಳಗಾದ ಕೊರಳೇ ಮೊದಲು ಬಿರುಕು ಬಿಡುವ ಜಾಗ. ಉಂಗುರದ ಫಿಟ್ಟಿಂಗನ್ನು ಕೈಯಿಂದ ಪೂರ್ತಿ ತಿರುಗಿಸಿ, ಆಮೇಲೆ ಎರಡು ಪಾನಾ ಹಿಡಿದು ಒಂದೂಕಾಲು ಸುತ್ತು ಬಿಗಿಯಿರಿ. ಒಂದೇ ಪಾನಾ ಹಿಡಿದರೆ ಪೈಪ್ ಹೊರಳುತ್ತದೆ. ಉಂಗುರಕ್ಕೆ ಟೇಪ್ ಸುತ್ತಬೇಡಿ, ಲೋಹ ಲೋಹಕ್ಕೆ ಕಚ್ಚಿದರೆ ಮಾತ್ರ ಅದು ಸೋರುವುದಿಲ್ಲ. ಹಾಸಿಗೆಯಿಂದ ಕೈಗೆಟುಕುವಲ್ಲಿ ಗ್ಯಾಸ್ ಬಂದ್ ಮಾಡುವ ಒಂದು ಕಾಕ್ ಕೂಡಿಸಿ, ಅದರ ಕೆಳಗೆ ನೆಲಕ್ಕೆ 25 ಮಿ.ಮೀ. ತೂತು ಬಿಟ್ಟಿದ್ದೇನೆ.

ಹೊಗೆ ಪೈಪ್ ಗಾಡಿಯ ಅಡಿಯಲ್ಲೇ ಮುಗಿಯಬಾರದು, ಬದಿಯ ಅಂಚಿನವರೆಗೆ ಬಂದು ಹೊರಗೆ ಬಾಯಿ ತೆರೆಯಬೇಕು. ಕಿಟಕಿ, ಬಾಗಿಲು, ಗಾಳಿ ಎಳೆಯುವ ಪೈಪ್ ಮೂರರಿಂದಲೂ ಅರ್ಧ ಮೀಟರ್ ದೂರ. ಉದ್ದಕ್ಕೂ ಹೊರಕ್ಕೆ ಇಳಿಜಾರು ಬೇಕು. ನಡುವೆ ಜೋತುಬಿದ್ದರೆ ಅಲ್ಲಿ ನೀರು ನಿಂತು ಉರಿ ಪದೇ ಪದೇ ಆರುತ್ತದೆ, ಕೂಡಿಸಿದವರು ಹೀಟರನ್ನೇ ಬೈಯುತ್ತಾರೆ. ನೆಲ ದಾಟುವ ಜಾಗಕ್ಕೆ ಬಿಸಿ ತಡೆಯುವ ಸೀಲಂಟ್ ತುಂಬಿ. ಅಲ್ಲಿ ಸಂದು ಉಳಿದರೆ ಹೊರಗೆ ಹಾಕಿದ ಹೊಗೆ ಅದೇ ದಾರಿಯಿಂದ ಒಳಗೆ ಬರುತ್ತದೆ.

ಸೋರಿಕೆ ಪರೀಕ್ಷೆಯನ್ನು ಸಾಬೂನು ನೊರೆ ಒಂದಕ್ಕೇ ಬಿಡಬೇಡಿ. ನಾನು ಮೂರೂವರೆ ಮೀಟರ್ ಪಾರದರ್ಶಕ ಪೈಪನ್ನು ಏಣಿಗೆ 'ಯು' ಆಕಾರದಲ್ಲಿ ಕಟ್ಟಿ, ಅರ್ಧದಷ್ಟು ನೀರು ತುಂಬಿ, ಅದರ ಒಂದು ಬಾಯಿಯನ್ನು ಗ್ಯಾಸ್ ಪೈಪಿಗೆ ಕೂಡಿಸಿದೆ. ಹೀಟರಿನ ಜೋಡಣೆ ಬಿಚ್ಚಿ, ಆ ಬಾಯಿಗೆ ಬಿರಡೆ ಹಾಕಿದೆ, ಇಲ್ಲದಿದ್ದರೆ ಈ ಒತ್ತಡಕ್ಕೆ ಹೀಟರಿನ ವಾಲ್ವ್ ಕೆಡಬಹುದು. ರೆಗ್ಯುಲೇಟರ್ ಕಡೆಯಿಂದ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಕೊಟ್ಟು, ಎರಡು ನೀರಿನ ಮಟ್ಟದ ನಡುವೆ ಒಂದೂವರೆ ಮೀಟರ್ ಅಂತರ ಬಂದಾಗ ಪಂಪಿನ ಬಾಯಿ ಮುಚ್ಚಿದೆ. ಅದು 150 ಮಿಲಿಬಾರ್, ಅಂದರೆ ಬಳಕೆಯ ಒತ್ತಡದ ಐದು ಪಟ್ಟು. ಐದು ನಿಮಿಷ ಬಿಟ್ಟು ಗುರುತು ಹಾಕಿ, ಮತ್ತೆ ಐದು ನಿಮಿಷ ನೋಡಬೇಕು, ನೀರು ಗುರುತಿನಿಂದ ಕದಲಬಾರದು. ಇದನ್ನು ನಸುಕಿನಲ್ಲಿ, ನೆರಳಲ್ಲಿ ಮಾಡಿ. ಪೈಪಿಗೆ ಬಿಸಿಲು ಬಿದ್ದು ಒಂದು ಡಿಗ್ರಿ ಏರಿದರೂ ನೀರು ಒಂದೆರಡು ಸೆಂ.ಮೀ. ಮೇಲೇರುತ್ತದೆ, ಸಣ್ಣ ಸೋರಿಕೆ ಅದರಲ್ಲಿ ಮುಚ್ಚಿಹೋಗುತ್ತದೆ. ನೀರು ಇಳಿದರೆ ಮಾತ್ರ ಒಂದೊಂದೇ ಜೋಡಣೆಗೆ ನೊರೆ ಹಚ್ಚಿ ಹುಡುಕಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ಕಡ್ಡಿ ಗೀರಿ ನೋಡುವ ಚಾಳಿ ಇದ್ದವರನ್ನು ಗಾಡಿಯ ಹತ್ತಿರ ಬಿಡಬೇಡಿ. ಕೊನೆಗೆ ಹೀಟರ್ ಕೂಡಿಸಿ ಗ್ಯಾಸ್ ಬಿಟ್ಟಾಗ ಅದೇ ಯು ಪೈಪಿನಲ್ಲಿ ಅಂತರ 30 ಸೆಂ.ಮೀ. ಆಸುಪಾಸಿನಲ್ಲಿರಬೇಕು. ಆ ಕೊನೆಯ ಜೋಡಣೆಗೂ ನೊರೆ ಹಚ್ಚಿ.

ಎರಡು ಅಲಾರಂ ಬೇಕು, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಗ್ಯಾಸ್ ಅಲಾರಂ ನೆಲದಿಂದ 15 ಸೆಂ.ಮೀ. ಮೇಲೆ. ಕಾರ್ಬನ್ ಮಾನಾಕ್ಸೈಡಿನದು ಮಲಗಿದಾಗ ಮೂಗು ಇರುವ ಎತ್ತರದಲ್ಲಿ, ತನ್ನದೇ ಬ್ಯಾಟರಿಯದು. ಒಳ್ಳೆಯ ಅಲಾರಂ 50 ಪಿಪಿಎಂಗೆ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 50 ಭಾಗ) ಒಂದರಿಂದ ಒಂದೂವರೆ ಗಂಟೆಯಲ್ಲಿ, 300 ಪಿಪಿಎಂಗೆ ಮೂರು ನಿಮಿಷದೊಳಗೆ ಕೂಗುತ್ತದೆ. ಹೀಟರ್ ಮುಚ್ಚಿದ ಉರಿಕೋಣೆಯದಾದರೂ ಇದು ಬೇಕು, ಯಾಕೆಂದರೆ ಪಕ್ಕದ ಗಾಡಿಯ ಎಂಜಿನ್ ಹೊಗೆಯೂ ಒಳಗೆ ಬರಬಹುದು. ಕೂಗಿದರೆ ಸ್ವಿಚ್ ಮುಟ್ಟದೆ, ಬಾಗಿಲು ತೆರೆದು, ಎಲ್ಲರನ್ನೂ ಹೊರಗೆ ಕರೆತಂದು, ಹೊರಗಿನಿಂದ ಸಿಲಿಂಡರ್ ಬಂದ್ ಮಾಡಿ. ಗ್ಯಾಸ್ ಸೋರಿಕೆಗೆ 1906ಕ್ಕೆ ಫೋನ್ ಮಾಡಬಹುದು.

ವಿದ್ಯುತ್ತಿನ ಕೆಲಸ ಚಿಕ್ಕದು: 2.5 ಚದರ ಮಿ.ಮೀ. ತಂತಿ, ಬ್ಯಾಟರಿ ಹತ್ತಿರವೇ 5 ಆಂಪ್ ಫ್ಯೂಸ್. ಸಣ್ಣ ತಂತಿ ಹಾಕಿದರೆ ಫ್ಯಾನ್ ಎದ್ದಾಗ ವೋಲ್ಟೇಜ್ ಬಿದ್ದು ಹೀಟರ್ ತಾನೇ ಲಾಕ್ ಆಗುತ್ತದೆ. ಗ್ಯಾಸಿನ ದೋಷ ಎಂದು ಜನ ತಪ್ಪು ತಿಳಿಯುವುದು ಹೆಚ್ಚಾಗಿ ಇದನ್ನೇ.

ಬರೀ ತಗಡಿನ ಗಾಡಿಯಲ್ಲಿ ಹೊರಗಿಗಿಂತ 10 ಡಿಗ್ರಿ ಬೆಚ್ಚಗೆ ಇಡಲು 800 ವ್ಯಾಟ್ ಹತ್ತಿರ ಬೇಕು. ಗೋಡೆ, ಮಾಡಿಗೆ 20 ಮಿ.ಮೀ. ಫೋಮ್, ಚಾಲಕನ ಸೀಟಿನ ಹಿಂದೆ ದಪ್ಪ ಕುರಿ ಕಂಬಳಿಯ ಪರದೆ ಹಾಕಿದರೆ ಅದು ಅರ್ಧಕ್ಕೂ ಕೆಳಗೆ ಬರುತ್ತದೆ. ಕಂಬಳಿ ಬಿಸಿಗಾಳಿ ಬರುವ ಬಾಯಿಯಿಂದ 30 ಸೆಂ.ಮೀ. ದೂರ ಇರಲಿ. ಥರ್ಮೋಸ್ಟಾಟ್ 18ಕ್ಕೆ ಇಟ್ಟು, ಸಿಲಿಂಡರನ್ನು ಕೊಕ್ಕೆಯ ತಕ್ಕಡಿಗೆ ಹಾಕಿ ಸಂಜೆ ಬೆಳಗ್ಗೆ ತೂಗಿದಾಗ, ಒಂದು ರಾತ್ರಿಗೆ ಅರ್ಧ ಕೆ.ಜಿ. ಆಸುಪಾಸು ಹೋಗುತ್ತದೆ. ಮೇಲೊಂದು, ಕೆಳಗೊಂದು ಗಾಳಿಕಿಂಡಿ ಯಾವಾಗಲೂ ತೆರೆದೇ ಇರಲಿ, ಉಸಿರಿನ ತೇವ ಹೊರಗೆ ಹೋಗಬೇಕು. ಗಾಡಿ ಓಡುವಾಗ ಸಿಲಿಂಡರ್ ಬಂದ್. ಪೆಟ್ರೋಲ್ ಬಂಕಿಗೆ ತಿರುಗುವ ಮೊದಲೇ ಹೀಟರ್ ಆರಿರಬೇಕು.

ನಮ್ಮ ಕಡೆ ಹೀಟರ್ ಎರಡು ತಿಂಗಳು ನಡೆದು ಹತ್ತು ತಿಂಗಳು ಸುಮ್ಮನಿರುತ್ತದೆ, ಕೆಡುವುದು ಆ ಹತ್ತು ತಿಂಗಳಲ್ಲಿ. ಮಳೆಗಾಲದಲ್ಲಿ ಎರೆ ಮಣ್ಣು ಚಕ್ರದಿಂದ ಸಿಡಿದು ಗಾಳಿ ಪೈಪಿನ ಬಾಯಿಗೆ ಹತ್ತಿ, ಬಿಸಿಲಿಗೆ ಇಟ್ಟಿಗೆಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಕಡಜ: ಬೆರಳು ದಪ್ಪದ ಪೈಪ್ ಅದಕ್ಕೆ ಸರಿಯಾದ ಮನೆ, ಒಳಗೆ ಒಂದು ಗೇಣು ದೂರದಲ್ಲಿ ಮಣ್ಣಿನ ಗೂಡು ಕಟ್ಟಿಬಿಡುತ್ತದೆ, ಹೊರಗಿನಿಂದ ನೋಡಿದರೆ ಕಾಣುವುದಿಲ್ಲ. ಶಿವರಾತ್ರಿ ಮುಗಿದ ಮೇಲೆ ನಾನು ಸಿಲಿಂಡರ್ ಇಳಿಸಿ, ವಾಲ್ವಿಗೆ ಬಿಳಿ ಮುಚ್ಚಳ ಒತ್ತಿ, ಎರಡೂ ಪೈಪಿನ ಬಾಯಿಗೆ ಕೆಂಪು ಬಟ್ಟೆ ಕಟ್ಟುತ್ತೇನೆ. ಅದೇ ಬಟ್ಟೆಯ ಒಂದು ತುಂಡನ್ನು ಒಳಗೆ ಹೀಟರಿನ ಸ್ವಿಚ್ಚಿಗೂ ಕಟ್ಟುತ್ತೇನೆ. ದೀಪಾವಳಿಯ ನಂತರ ಹೊರಗಿನ ಎರಡು ಬಟ್ಟೆ ಬಿಚ್ಚಿ, ಪೈಪಿನಲ್ಲಿ ಮೆತ್ತನೆ ತಂತಿ ಹಾಯಿಸಿ, ಸೋರಿಕೆ ಪರೀಕ್ಷೆ ಮುಗಿಸಿದ ಮೇಲೆಯೇ ಸ್ವಿಚ್ಚಿನ ಬಟ್ಟೆ ಬಿಚ್ಚುವುದು. ಮೊದಲ ಸಲ ಹಚ್ಚಿದಾಗ ಬಾಗಿಲೆಲ್ಲ ತೆರೆದು ಅರ್ಧ ಗಂಟೆ ಉರಿಸಿ, ಹೊಗೆ ಪೈಪಿನ ಬಾಯಿ ನೋಡಿ. ಬಾಯಿಯ ಅಂಚು ಕಪ್ಪಾಗಿ ಬೆರಳಿಗೆ ಮಸಿ ಹತ್ತಿದರೆ ಆ ರಾತ್ರಿ ಹೀಟರ್ ಬೇಡ, ಪೈಪ್ ಬಿಚ್ಚಿ ಇನ್ನೊಮ್ಮೆ ಸ್ವಚ್ಛ ಮಾಡಿ.