ಶೇತಸನದಿ: ನಮ್ಮ ಅಡ್ಡಹೆಸರಿನ ಮೂಲ ಹೊಲದ ಕಾಗದದಲ್ಲಿ ಸಿಕ್ಕಿತು

ನಮ್ಮ ಅಡ್ಡಹೆಸರು ಶೇತಸನದಿ. ಇದಕ್ಕೂ ಊದುವ ಸನಾದಿಗೂ ಸಂಬಂಧ ಇಲ್ಲ ಅಂತ ನಾನು ಹೇಳುತ್ತಾ ಬಂದು ಎಷ್ಟೋ ವರ್ಷ ಆಯ್ತು. ಮನೆಯವರೇ ನಂಬಿರಲಿಲ್ಲ. "ನಮ್ಮ ಹಿರ್ಯಾರು ದೇಸಾಯರ ವಾಡೇದಾಗ ಸನಾದಿ ಊದ್ತಿದ್ರಪಾ, ಸುಮ್ನ ಯಾಕ ರೊಕ್ಕಾ ಹಾಳ ಮಾಡ್ತಿ" ಅಂತ ಕಾಕಾ ಪ್ರತಿ ಹಬ್ಬಕ್ಕೂ ಹೇಳುವವರು. ಅತ್ತೆಯ ಮಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದು 'ಶ್ವೇತ' ಅಂತ ಇದ್ದದ್ದು ಕೆಟ್ಟು ಶೇತ ಆಗಿದೆ ಅಂತ ಮದುವೆ ಕಾರ್ಡಿನಲ್ಲಿ ಹಾಗೇ ಅಚ್ಚು ಹಾಕಿಸಿದ್ದ. ಈಗ ಕಾಗದ ನನ್ನ ಕೈಯಲ್ಲಿದೆ. ನಿಮ್ಮ ನಿಮ್ಮ ಅಡ್ಡಹೆಸರಿನ ಬೆನ್ನು ಹತ್ತಿದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ವಂಶಾವಳಿ ಬರೆಯೋದು, ಉತಾರ (ಹೊಲದ ದಾಖಲೆಯ ನಕಲು) ತೆಗೆಸೋದು ನಿಮಗೆ ಗೊತ್ತೇ ಇದೆ, ಅದನ್ನು ಬಿಟ್ಟುಬಿಡುತ್ತೇನೆ.

ಮೊದಲು ಉತ್ತರ. ಶೇತ ಅಂದರೆ ಮರಾಠಿಯಲ್ಲಿ ಹೊಲ. ಸನದು ನಮ್ಮ ಸನ್ನದೇ, ಅರಬ್ಬಿಯಿಂದ ಪಾರಸಿ ದಾರಿಯಲ್ಲಿ ಬಂದದ್ದು. ಊರ ಕಾವಲು, ಕಂದಾಯದ ಹಣ ಮುಟ್ಟಿಸೋದು, ಓಲೆ ಒಯ್ಯೋದು, ದೇಸಾಯಿ ಕರೆದಾಗ ಕತ್ತಿ ಹಿಡಿದು ಹೋಗೋದು. ಇಷ್ಟಕ್ಕೆ ಸಂಬಳದ ಬದಲು ಸನದು ಬರೆದುಕೊಟ್ಟ ಹೊಲ. ಹಾಗೆ ಹೊಲ ಉಂಡವನು ಶೇತಸನದಿ. ಸಂಗೊಳ್ಳಿ ರಾಯಣ್ಣ ಕಿತ್ತೂರಿನ ಶೇತಸನದಿಯೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ಹೊಲದ ಮೇಲೆ ಕಂಪನಿ ಸರಕಾರ ಕೈ ಹಾಕಿದ್ದೂ ಆ ಬಂಡಾಯಕ್ಕೆ ಒಂದು ಕಾರಣ. ಇದನ್ನು ಓದಿದ ದಿನದಿಂದಲೇ ನನಗೆ ಸನಾದಿ ಕಥೆ ಮೇಲೆ ನಂಬಿಕೆ ಹೋಗಿತ್ತು. ಆದರೆ ರಾಯಣ್ಣ ಶೇತಸನದಿ ಆಗಿದ್ದ ಅಂದಮಾತ್ರಕ್ಕೆ ನಮ್ಮ ಮನೆಯವರೂ ಆಗಿದ್ದರು ಅಂತ ಆಗೋದಿಲ್ಲ, ಅಲ್ವಾ? ಅದಕ್ಕೆ ಪುರಾವೆ ಬೇಕು.

ಎಲ್ಲರ ಹಾಗೆ ಹೆಳವರಿಂದ ಶುರು ಮಾಡಿದೆ, ಅಂದರೆ ಮನೆಮನೆಗೆ ಬಂದು ವಂಶದ ಹೆಸರು ಹೇಳುವವರಿಂದ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದರು. ಒಂದು ಚೀಲ ಜೋಳ, ಮೇಲೆ ಎರಡು ಸಾವಿರದ ಹತ್ತಿರ ಕೊಟ್ಟೆ, ಎತ್ತಿಗೆ ಮೇವು ಬೇರೆ. ಏಳು ತಲೆಮಾರು ಪಟಪಟ ಹೇಳಿದರು. ಮೂಲ ಊರು, ಬೆಡಗು (ಕುಲದೊಳಗಿನ ಬಳಿ), ಯಾರು ಯಾವ ಬರಗಾಲದಲ್ಲಿ ಊರು ಬಿಟ್ಟರು, ಎಲ್ಲಾ ಬಂತು. ಅಡ್ಡಹೆಸರು ಮಾತ್ರ ಬರಲಿಲ್ಲ. ಅವರಿಗೆ ಲೆಕ್ಕ ಬೆಡಗಿನದು, ಅಡ್ಡಹೆಸರಿನದಲ್ಲ. ಹೆಸರುಗಳ ಸಾಲು ಮಾತ್ರ ಬಂಗಾರ, ಮುಂದೆ ಅದೇ ನನಗೆ ಕೆಲಸಕ್ಕೆ ಬಂತು.

ಆಮೇಲೆ ಅಡ್ಡಹೆಸರಿನ ಅರ್ಥ ಹೇಳುವ ಒಂದು ಪರದೇಶದ ಕಂಪನಿಗೆ ಸಾವಿರದೈನೂರು ಕಟ್ಟಿದೆ. ಬಣ್ಣಬಣ್ಣದ ಒಂದು ಪ್ರಮಾಣಪತ್ರ ಬಂತು, ಅದರಲ್ಲೂ ಶ್ವೇತ ಅಂತಲೇ ಇತ್ತು. ಪುಣೆಯಲ್ಲಿ ಹಳೇ ದಫ್ತರ ನೋಡಿಕೊಡುತ್ತೇನೆ ಅಂದವನೊಬ್ಬ ನಾಲ್ಕು ಸಾವಿರ ಮುಂಗಡ ತೆಗೆದುಕೊಂಡು ಫೋನ್ ಎತ್ತೋದೇ ಬಿಟ್ಟ. ಒಂದು ಮಾತು ನೆನಪಿಡಿ: ಮುಂಗಡ ಕೊಡಬೇಡಿ. ಪುಟ ತೋರಿಸಿದ ಮೇಲೆ ಪುಟಕ್ಕಿಷ್ಟು ಅಂತ ಕೊಡಿ.

ದಾರಿ ಸಿಕ್ಕಿದ್ದು ಹೆಸರನ್ನು ಬಿಟ್ಟು ಹೊಲ ಹಿಡಿದಾಗ. ನಮ್ಮ ಹಿರಿಯರ ಹೊಲದ ಕೈಬರಹದ ಹಳೇ ಉತಾರ ತೆಗೆಸಿದೆ. ಈಗಿನ ಕಂಪ್ಯೂಟರ್ ಪಹಣಿಯಲ್ಲಿ ಇದು ಕಾಣೋದಿಲ್ಲ, ಕೈಬರಹದ್ದೇ ಬೇಕು. ಅದರಲ್ಲಿ 'ಇನಾಂ ವರ್ಗ 6' ಅಂತ ಇತ್ತು. ಇನಾಂ ಅಂದರೆ ಚಾಕರಿಗೋ ಗುಡಿಗೋ ಬಿಟ್ಟುಕೊಟ್ಟ ಹೊಲ. ಮುಂಬಯಿ ಪ್ರಾಂತದ ಲೆಕ್ಕದಲ್ಲಿ ಆರನೇ ವರ್ಗ ಅಂದರೆ ಊರ ಚಾಕರಿಯವರ ಇನಾಂ. ಸನಾದಿ ಊದಿದ್ದಕ್ಕೆ ಗುಡಿಯಿಂದ ಬಂದ ಹೊಲ ಆಗಿದ್ದರೆ ಅದು ದೇವಸ್ಥಾನದ ಇನಾಂ ಆಗಬೇಕಿತ್ತು, ವರ್ಗವೇ ಬೇರೆ. ಸನಾದಿ ಕಥೆ ಅಲುಗಾಡಿದ್ದು ಅಲ್ಲೇ.

ಅಲ್ಲಿಂದ ಹಿಂದಕ್ಕೆ ಹೋದೆ. ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1961ರದು, ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಿಂದ. ಇನಾಂ ಹೋಗಿ, ಚಾಕರಿ ಮಾಡುತ್ತಿದ್ದ ಮನೆತನಕ್ಕೇ ಹೊಲವನ್ನು ಮರುಮಂಜೂರಿ ಮಾಡಿದರು. ಆ ಮರುಮಂಜೂರಿ ಕಡತವೇ ಕೀಲಿಕೈ. ಅದಕ್ಕೆ ವಂಶಾವಳಿ ಲಗತ್ತಿಸಿರುತ್ತಾರೆ, ಹಳೇ ವತನ (ವಂಶಪರಂಪರೆಯ ಚಾಕರಿ) ರಜಿಸ್ಟರಿನ ಉತಾರವೂ ಇರುತ್ತದೆ. ಕಡತ ಹುಡುಕಿಸೋದಕ್ಕೆ ತಿಂಗಳುಗಟ್ಟಲೆ ಆಯ್ತು. 'ಸಿಗೋದಿಲ್ಲ' ಅಂದ ಕೋಣೆಯಲ್ಲೇ ಅದು ಸಿಕ್ಕಿತು. ಅರ್ಜಿಯಲ್ಲಿ ಏನಂತ ಬರೆದರೆ ಸಿಗುತ್ತದೆ ಅನ್ನೋದನ್ನು ಮಾತ್ರ ನಾನು ಇಲ್ಲಿ ಹೇಳೋದಿಲ್ಲ, ಅಷ್ಟು ಸುಲಭಕ್ಕೆ ಕಲಿತದ್ದಲ್ಲ ಅದು.

ಕಡತದ ಆಧಾರದ ಮೇಲೆ ಎರಡು ಹಳೇ ರಜಿಸ್ಟರ್ ಪುಟದ ನಕಲು ಸಿಕ್ಕಿತು. ಹಳೇದು ಮೋಡಿ ಲಿಪಿ, ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹ. ಮೊದಲು ಪುಟದ ಉದ್ದಕ್ಕೂ ತಲೆಗೆರೆ ಎಳೆದು, ಆಮೇಲೆ ಲೇಖನಿ ಎತ್ತದೆ ಅಕ್ಷರ ಕಟ್ಟಿದ್ದಾರೆ. ಎಲ್ಲಿ ಒಂದು ಪದ ಮುಗಿಯಿತು ಅಂತಲೇ ಗೊತ್ತಾಗೋದಿಲ್ಲ. ಓದುವವರು ಪುಟಕ್ಕೆ ಐನೂರು ಕೇಳಿದರು, ಮುನ್ನೂರಕ್ಕೆ ಒಪ್ಪಿಸಿದೆ. ಮೊದಲ ಪುಟದಲ್ಲಿ ಸರ್ವೇ ನಂಬರು, ಎಕರೆ-ಗುಂಟೆ, ಆಕಾರ (ಕಂದಾಯ), ಜುಡಿ (ಇನಾಂ ಹೊಲದ ಕಡಿಮೆ ಕಂದಾಯ), ಸಾಲಾಗಿ ಕಾಲಂ. ಹೆಸರಿನ ಕಾಲಂನಲ್ಲಿ 'ಯಲ್ಲಪ್ಪಾ ಬಿನ್ ಬಸಪ್ಪಾ' (ಬಸಪ್ಪನ ಮಗ ಯಲ್ಲಪ್ಪ), ಅಷ್ಟೇ. ಅಡ್ಡಹೆಸರಿಲ್ಲ. ಚಾಕರಿ ಕಾಲಂನಲ್ಲಿ 'ಶೇತಸನದಿ'. ಮುಂದಿನ ತಲೆಮಾರಿನ ಪುಟದಲ್ಲಿ ಅದೇ ಸರ್ವೇ ನಂಬರು, ಹೆಳವರು ಹೇಳಿದ ಅದೇ ಮಗನ ಹೆಸರು, ಈ ಸಲ 'ಬಸಪ್ಪಾ ಬಿನ್ ಯಲ್ಲಪ್ಪಾ ಶೇತಸನದಿ'. ಕೆಲಸದ ಕಾಲಂನಲ್ಲಿದ್ದದ್ದು ಹೆಸರಿನ ಕಾಲಂಗೆ ಬಂದಿದೆ! ಅಡ್ಡಹೆಸರು ಹುಟ್ಟಿದ್ದನ್ನು ಹೀಗೆ ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ? ಆ ಎರಡು ನಕಲು ಪಕ್ಕಪಕ್ಕ ಇಟ್ಟಾಗ ಕಾಕಾ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಸನಾದಿ ಮಾತು ಮತ್ತೆ ಎತ್ತಿಲ್ಲ.

ಇನ್ನೂ ಒಂದು ವಿಷಯ ಅದರಲ್ಲೇ ಬಯಲಾಯ್ತು. ಯಲ್ಲಪ್ಪನ ತಮ್ಮ ಚಾಕರಿಗೆ ನಿಲ್ಲಲಿಲ್ಲ, ಅವನ ಮಕ್ಕಳು ಹೊಸಮನಿ ಆದರು. ರಕ್ತ ಒಂದೇ, ಅಡ್ಡಹೆಸರು ಎರಡು. ಹಾಗೇ ಪಕ್ಕದ ಊರಿನ ಶೇತಸನದಿಯವರು ನಮಗೆ ಏನೂ ಆಗಬೇಕಿಲ್ಲ. ಅಡ್ಡಹೆಸರು ಒಂದೇ ಅಂತ ಸೋದರ ಸಂಬಂಧ ಜೋಡಿಸಬೇಡಿ. ಇದು ಹುದ್ದೆಯ ಹೆಸರು, ಕುಲದ್ದಲ್ಲ. ಬರೀ 'ಸನದಿ' ಅನ್ನುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಬೆಳಗಾವಿ ಹತ್ತಿರದ ಶಿಂದೊಳ್ಳಿಯ ಕವಿ ಬಿ.ಎ. ಸನದಿಯವರಿಂದ ಆ ಹೆಸರು ನಾಡಿಗೆಲ್ಲ ಗೊತ್ತಾಯ್ತು.

ಈ ಅಡ್ಡಹೆಸರು ಎಷ್ಟು ಜನರಿಗಿದೆ ಅಂತ ನೋಡಲು ಮತದಾರರ ಪಟ್ಟಿಗೂ ಕೈ ಹಾಕಿದೆ. ಪಿಡಿಎಫ್ ಎಲ್ಲಾ ಚಿತ್ರದ ರೂಪದಲ್ಲಿವೆ, ಹುಡುಕಿದರೆ ಸಿಗೋದಿಲ್ಲ. ಮಗಳು ಮೊಬೈಲಿನಲ್ಲಿ ಅಕ್ಷರ ಓದಿಸುವ ಒಂದು ಉಪಾಯ ಮಾಡಿಕೊಟ್ಟಳು. ಶೇತಸನದಿ, ಸೇತಸನದಿ, ಶೇತಸಂದಿ, ಶೆಟಸನದಿ, ಎಲ್ಲಾ ರೂಪ ಸೇರಿಸಿದರೂ ಕುಲಕರ್ಣಿ, ಪಾಟೀಲರ ಮುಂದೆ ಅದು ಏನೇನೂ ಅಲ್ಲ. ಸಿಕ್ಕಷ್ಟೂ ಹಳೇ ಮುಂಬಯಿ ಕರ್ನಾಟಕದ ಜಿಲ್ಲೆಗಳಲ್ಲೇ. ಕಡಿಮೆ ಇರೋದಕ್ಕೆ ನನಗೆ ಕಾಣುವ ಕಾರಣ ಇದು: ಇದೇ ಥರದ ಚಾಕರಿ ಮಾಡಿದವರಲ್ಲಿ ಬಹಳ ಜನ ತಳವಾರ, ವಾಲಿಕಾರ, ನಾಯಕ ಅಂತ ಬರೆಸಿಕೊಂಡರು. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರಿಗೆ ಆ ಹೆಸರು ಬರೆಯೋದು ಸಲೀಸು.

ಒಟ್ಟು ಖರ್ಚು ಇಪ್ಪತ್ತು ಸಾವಿರದ ಆಸುಪಾಸು. ಅದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಹೆಳವರದು, ನಕಲಿನದು, ಮೋಡಿ ಓದಿಸಿದ್ದು, ಎಲ್ಲಾ ಸೇರಿ ಎಂಟು ಸಾವಿರ ಇರಬಹುದು. ಬೇರೆ ಮನೆತನದವರೂ ಈಗ ನನ್ನ ಹತ್ತಿರ ಬರುತ್ತಿದ್ದಾರೆ. ಒಂದು ವಾಲಿಕಾರರ ಮನೆಯ ಕಾಗದ ಇದೇ ದಾರಿಯಲ್ಲಿ ತೆಗೆಸಿಕೊಟ್ಟೆ, ಅಲ್ಲೂ ಹಾಗೇ, ಚಾಕರಿ ಕಾಲಂನಿಂದ ಹೆಸರಿನ ಕಾಲಂಗೆ.

ಈಗ ಕಲಬುರಗಿ, ಬೀದರ ಕಡೆಯ ಸೇತ್‌ಸೇಂದಿ ಅನ್ನುವ ಹೆಸರಿನ ಬೆನ್ನು ಹತ್ತಿದ್ದೇನೆ. ನಿಜಾಮರ ರಾಜ್ಯದಲ್ಲಿ ಸೇತ್‌ಸೇಂದಿ, ನೀರಡಿ, ಬಲೂತಾ ಅಂತ ಊರ ಚಾಕರಿಯ ಇನಾಂಗಳಿದ್ದವು. ನಮ್ಮ ಶೇತಸನದಿಯೇ ಅಲ್ಲಿ ಹಾಗಾಗಿದೆ ಅನ್ನೋದು ನನ್ನ ನಂಬಿಕೆ. ಅಲ್ಲಿ ಸೇಂದಿ ಅಂದರೆ ಹೆಂಡ, ಹಾಗಾಗಿ ಅವರಿಗೆ ಹೆಂಡ ಇಳಿಸುವವರು ಅಂತ ಹಚ್ಚಿಬಿಟ್ಟಿದ್ದಾರೆ. ಹೊಲ ಹಿಡಿದರೆ ಅದೂ ಬಿಚ್ಚಿಕೊಳ್ಳುತ್ತದೆ. ಆದರೆ ಅಲ್ಲಿನ ಹಳೇ ಕಾಗದ ಉರ್ದುವಿನಲ್ಲಿ, ಶಿಕಸ್ತಾ ಅನ್ನುವ ಗೀಚು ಬರಹ. ಓದುವವರು ಯಾರಾದರೂ ಇದ್ದರೆ ತಿಳಿಸಿ. ಪುಟಕ್ಕೆ ಮುನ್ನೂರು ಕೊಡುತ್ತೇನೆ, ಮುಂಗಡ ಇಲ್ಲ.