ಸ್ಟ್ಯಾಂಪ್ ಹೂವಿಗೆ ಸರಿಯಾಗಿ ಡೈ ಕೂರಿಸುವುದು ಹೇಗೆ?

ಕೈಯಾರೆ ಮಾಡುವ ಶುಭಾಶಯ ಕಾರ್ಡ್‌ಗೆಂದು ಹೂವಿನ ಚಿತ್ರದ ಸ್ಟ್ಯಾಂಪನ್ನು (ಇಂಕ್ ಹಚ್ಚಿ ಒತ್ತುವ ಅಚ್ಚು) ಒತ್ತಿ ಬಣ್ಣ ತುಂಬುವವರೆಗೂ ಖುಷಿಯೇ. ಕತ್ತರಿ ಹಿಡಿದು ದಳದಳವಾಗಿ ಸುತ್ತುವಾಗ ತಾಳ್ಮೆ ಕೆಡುತ್ತದೆ, ಅಲ್ವಾ? ಅದಕ್ಕೇ ಬಂದದ್ದು ಡೈ. ಚಿತ್ರದ ಆಕಾರದ್ದೇ ತೆಳು ಉಕ್ಕಿನ ಚೌಕಟ್ಟು, ಒಂದು ಬದಿ ಹರಿತ. ಕಬ್ಬಿನ ಹಾಲಿನ ಗಾಣದಂತೆ ಎರಡು ರೋಲರ್ ಇರುವ ಕೈಮೆಷಿನ್‌ನಲ್ಲಿ ತೂರಿಸಿ ಹಿಡಿಕೆ ತಿರುಗಿಸಿದರೆ ಕಾಗದ ಕತ್ತರಿಸಿ ಬರುತ್ತದೆ.

ಕಾಗದ 220 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಎಂಬ ಲೆಕ್ಕ) ತೆಳುವಾಗಿದ್ದರೆ ಚಿತ್ರ ಬಾಗುತ್ತದೆ. ಇಂಕ್ ಪೂರ್ತಿ ಒಣಗಲಿ. ಆಮೇಲೆ ಡೈಯ ಹರಿತ ಬದಿ ಕೆಳಗೆ ಮಾಡಿ ಚಿತ್ರದ ಮೇಲಿಡಿ. ಸುತ್ತ ಬಿಳಿ ಅಂಚು ಎಲ್ಲ ಕಡೆ ಒಂದೇ ಸಮ ಕಾಣಬೇಕು. ಓರೆಯಾಗಿ ನೋಡಿದರೆ ಕಣ್ಣು ಮೋಸಹೋಗುತ್ತದೆ, ನೇರ ಮೇಲಿನಿಂದಲೇ ನೋಡಿ. ಎರಡು ಕಡೆ ಮಾಸ್ಕಿಂಗ್ ಟೇಪ್ ಹಾಕಿ. ಟೇಪನ್ನು ಮೊದಲು ಬಟ್ಟೆಗೆ ಒಮ್ಮೆ ಅಂಟಿಸಿ ತೆಗೆದರೆ ಅಂಟು ಕಡಿಮೆಯಾಗಿ ಕಾಗದ ಕಿತ್ತು ಬರುವುದಿಲ್ಲ. ಇದನ್ನು ಮೆಷಿನ್‌ನ ಎರಡು ಕಟಿಂಗ್ ಪ್ಲೇಟ್‌ಗಳ (ಪ್ಲಾಸ್ಟಿಕ್ ಹಲಗೆಗಳು) ನಡುವೆ ಇಟ್ಟು ಹಿಡಿಕೆ ತಿರುಗಿಸಿ. ಎಲ್ಲೋ ಕತ್ತರಿಸದೆ ಉಳಿದರೆ, ಪ್ಲೇಟ್ ಕೆಳಗೆ ಒಂದು ಹಾಳೆ ಸೇರಿಸಿ ಮತ್ತೆ ಹಾಯಿಸಿ.

ಒಂದೇ ಹೂ ಹತ್ತಾರು ಕಾರ್ಡ್‌ಗೆ ಬೇಕೆಂದರೆ ಕ್ರಮ ತಿರುಗಿಸಿ: ಮೊದಲು ಕತ್ತರಿಸಿ, ಆಮೇಲೆ ಒತ್ತಿ. ಡೈಯಿಂದ ಖಾಲಿ ಹೂಗಳನ್ನು ಕತ್ತರಿಸಿದಾಗ ಹಾಳೆಯಲ್ಲಿ ಹೂವಿನ ಆಕಾರದ ಕಿಂಡಿ ಉಳಿಯುತ್ತದೆ. ಜನ ಸುಮ್ನೆ ಎಸೆಯುವುದು ಅದನ್ನೇ! ಆ ಹಾಳೆಯನ್ನು ಸ್ಟ್ಯಾಂಪಿಂಗ್ ಪ್ಲಾಟ್‌ಫಾರ್ಮ್‌ನ (ಪ್ರತಿ ಸಲ ಒಂದೇ ಜಾಗಕ್ಕೆ ಸ್ಟ್ಯಾಂಪ್ ಒತ್ತಲು ಬಳಸುವ, ಮಡಚುವ ಪಾರದರ್ಶಕ ಮುಚ್ಚಳದ ಸಾಧನ) ಮೂಲೆಗೆ ಒತ್ತಿಟ್ಟು ಅಂಟಿಸಿ. ಪಾರದರ್ಶಕ ಸ್ಟ್ಯಾಂಪನ್ನು ಅಚ್ಚಿನ ಮುಖ ಕೆಳಗಾಗಿ ಕಿಂಡಿಯ ನಡುವೆ ಇಟ್ಟು ಮುಚ್ಚಳ ಹಾಕಿದರೆ, ಸ್ಟ್ಯಾಂಪ್ ಮುಚ್ಚಳಕ್ಕೆ ಅಂಟಿಕೊಳ್ಳುತ್ತದೆ. ಇನ್ನು ಖಾಲಿ ಹೂವನ್ನು ಕಿಂಡಿಯಲ್ಲಿ ಕೂರಿಸಿ, ಮುಚ್ಚಳದಲ್ಲಿರುವ ಸ್ಟ್ಯಾಂಪಿಗೆ ಇಂಕ್ ಹಚ್ಚಿ, ಒತ್ತಿ, ತೆಗೆಯಿರಿ. ಪ್ರತಿ ಸಲ ಅಳೆಯುವ ಕಷ್ಟ ಇಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು ಅರ್ಧ ಕಟ್. ಕಾರ್ಡಿನ ಮೇಲಂಚಿನಿಂದ ಹೂವಿನ ತಲೆ ಮಾತ್ರ ಹೊರಗೆ ಇಣುಕುತ್ತದೆ. ಇದಕ್ಕೆ ಮೇಲಿನ ಪ್ಲೇಟನ್ನು ದಳಗಳ ಭಾಗದ ಮೇಲಷ್ಟೇ ಬರುವಂತೆ ಇಡಿ, ಕಾಂಡದ ಕಡೆ ಡೈ ಪ್ಲೇಟಿನಾಚೆ ಇರಲಿ. ಒತ್ತಡ ಬೀಳದ ಕಡೆ ಕಾಗದ ಕತ್ತರಿಸುವುದಿಲ್ಲ. ಕಟ್ ನಿಂತಲ್ಲಿಂದ ಅಕ್ಕಪಕ್ಕಕ್ಕೆ ಸ್ಕೇಲ್ ಇಟ್ಟು ಕ್ರಾಫ್ಟ್ ನೈಫ್‌ನಿಂದ ನೇರ ಕತ್ತರಿಸಿದರೆ ಕಾರ್ಡಿನ ಅಂಚು ಸಿದ್ಧ.

ಬಿಡಿ ಹೂಗಳನ್ನು ಫೋಮ್ ಟೇಪ್ (ಎರಡೂ ಬದಿ ಅಂಟಿರುವ ದಪ್ಪ ಸ್ಪಂಜಿನ ಟೇಪ್) ಹಾಕಿ ಕಾರ್ಡಿಗೆ ಅಂಟಿಸಿ. ಟೇಪ್ ಅಂಚಿನಿಂದ ತುಸು ಒಳಗಿರಲಿ, ಇಲ್ಲದಿದ್ದರೆ ಪಕ್ಕದಿಂದ ಕಾಣುತ್ತದೆ. ಅಂಚೆಗೆ ಹಾಕುವ ಕಾರ್ಡಾದರೆ ಒಂದೇ ಪದರ ಸಾಕು.